ಅಪ್ಪ ಅಮ್ಮನ ಜೊತೆ ಮೈಸೂರು: ಅವಸರವಿಲ್ಲದ ಎರಡು ರಾತ್ರಿಯ ಪ್ರವಾಸ ಹೀಗೆ ಮಾಡಿ

ವಯಸ್ಸಾದವರನ್ನು ಕರೆದುಕೊಂಡು ಊರು ನೋಡಲು ಹೊರಟಾಗ ನಾವು ಮೊದಲು ಹಾಕುವುದು ಕಿಲೋಮೀಟರ್ ಲೆಕ್ಕ. ಬೆಂಗಳೂರಿನಿಂದ ಮೈಸೂರಿಗೆ 140 ಚಿಲ್ಲರೆ ಕಿ.ಮೀ., ಅಲ್ಲಿಂದ ಬೆಟ್ಟ, ಬೆಟ್ಟದಿಂದ ಕೆಆರ್‌ಎಸ್, ಬರುವಾಗ ಶ್ರೀರಂಗಪಟ್ಟಣ. ಕಾಗದದ ಮೇಲೆ ಎಲ್ಲವೂ ಒಂದೂವರೆ ದಿನದಲ್ಲಿ ಮುಗಿದುಹೋಗುತ್ತದೆ. ಆದರೆ ಎಪ್ಪತ್ತು ದಾಟಿದವರನ್ನು ಸುಸ್ತು ಮಾಡುವುದು ಕಾರಿನಲ್ಲಿ ಕೂತು ಕಳೆದ ದೂರವಲ್ಲ. ಮೆಟ್ಟಿಲು, ನಿಂತು ಕಾಯುವ ಸಾಲು, ಟಾಯ್ಲೆಟ್ ಎಲ್ಲಿದೆಯೋ ಎಂಬ ಚಿಂತೆ, ಈ ಮೂರು. ಪ್ರವಾಸದ ಪಟ್ಟಿಯನ್ನು ಈ ಮೂರರ ಸುತ್ತ ಬರೆದರೆ ಉಳಿದದ್ದು ತಾನಾಗಿ ಸರಿಹೋಗುತ್ತದೆ.

ಮೈಸೂರನ್ನು ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಊರಿನ ಒಳಗಿನ ರಸ್ತೆಗಳು ಅಗಲ, ಬಹುಪಾಲು ಸಮತಟ್ಟು, ನೋಡುವ ಜಾಗಗಳು ಒಂದಕ್ಕೊಂದು ಹತ್ತಿರ. ರೈಲಿದೆ. ಒಳ್ಳೆಯ ಆಸ್ಪತ್ರೆಗಳಿವೆ. ಹಿರಿಯರಲ್ಲಿ ಹೆಚ್ಚಿನವರು ಒಮ್ಮೆಯಾದರೂ ನೋಡಿದ ಊರಾದ್ದರಿಂದ ಎಲ್ಲವನ್ನೂ ನೋಡಿಯೇ ತೀರಬೇಕೆಂಬ ಹಟ ಇರುವುದಿಲ್ಲ. ಹಟ ಇರುವುದು ನಮಗೆ.

ಮೊದಲು ಮನೆಯಲ್ಲಿ ಮಾತಾಡಿ

“ಮೈಸೂರಿಗೆ ಹೋಗೋಣ್ವಾ?” ಎಂದರೆ ಅಮ್ಮ ಹೂಂ ಅನ್ನುತ್ತಾರೆ, ಅಪ್ಪ “ನನ್ನನ್ಯಾಕೆ, ನೀವು ಹೋಗ್ಬನ್ನಿ” ಅನ್ನುತ್ತಾರೆ. ಎರಡರಿಂದಲೂ ನಿಮಗೆ ಏನೂ ತಿಳಿಯಲಿಲ್ಲ. ಬೇಕಿರುವುದು ಸಣ್ಣ ಸಣ್ಣ ಉತ್ತರಗಳು. ಕಂಬಿ ಹಿಡಿಯದೆ ಎಷ್ಟು ಮೆಟ್ಟಿಲು ಹತ್ತಬಲ್ಲರು? ಹತ್ತುವುದು ಕಷ್ಟವೋ, ಇಳಿಯುವುದೋ? (ಮೊಣಕಾಲು ಸವೆದವರಿಗೆ ಸಾಮಾನ್ಯವಾಗಿ ಇಳಿಯುವುದೇ ಹಿಂಸೆ.) ಕೂರದೆ ಎಷ್ಟು ಹೊತ್ತು ನಿಲ್ಲಬಲ್ಲರು? ಇಂಡಿಯನ್ ಟಾಯ್ಲೆಟ್ ಆಗುತ್ತದೆಯೇ? ರಾತ್ರಿ ಎಷ್ಟು ಸಲ ಏಳುತ್ತಾರೆ? ನೇರವಾಗಿ ಕೇಳಿದರೆ “ಎಲ್ಲಾ ಆಗತ್ತೆ ಬಿಡು” ಎಂಬ ಉತ್ತರ ಗ್ಯಾರಂಟಿ. ಅದಕ್ಕಿಂತ ಒಂದೆರಡು ದಿನ ಅವರ ಜೊತೆ ಸಂಜೆ ವಾಕಿಂಗ್ ಹೋಗಿ. ಮೊದಲ ಸಲ ಎಲ್ಲಿ ನಿಂತು ಯಾರದ್ದೋ ಮನೆಯ ಹೂವಿನ ಗಿಡ ನೋಡುವ ನೆಪ ಮಾಡುತ್ತಾರೋ, ಅವರ ನಿಜವಾದ ದೂರ ಅಷ್ಟೇ.

ಆಮೇಲೆ ಏನು ನೋಡಬೇಕೆಂದು ಕೇಳಿ. ಅವರ ಪಟ್ಟಿ ನಮ್ಮದಕ್ಕಿಂತ ಬೇರೆ ಇರುತ್ತದೆ. ಮಹಾರಾಜ ಕಾಲೇಜಿನಲ್ಲಿ ಓದಿದವರಿಗೆ ಕಾಲೇಜಿನ ಎದುರು ಹತ್ತು ನಿಮಿಷ ಕಾರು ನಿಂತರೆ ಅರಮನೆ ನೋಡಿದ್ದಕ್ಕಿಂತ ಹೆಚ್ಚು. ಕೆಲಸದ ಮೇಲೆ ಸರಸ್ವತಿಪುರಂನಲ್ಲಿ ಬಾಡಿಗೆಗಿದ್ದವರಿಗೆ ಆ ಬೀದಿ ಈಗ ಹೇಗಿದೆ ಎಂಬ ಕುತೂಹಲ. ಇಂಥವಕ್ಕೆ ಟಿಕೆಟ್ಟಿಲ್ಲ, ಮೆಟ್ಟಿಲಿಲ್ಲ, ಕಾರಿನಿಂದ ಇಳಿಯಲೂ ಬೇಕಿಲ್ಲ. ಪಟ್ಟಿಯಲ್ಲಿ ಇವನ್ನು ಮೇಲೆ ಬರೆಯಿರಿ.

ದಿನ ಗೊತ್ತು ಮಾಡುವ ಮೊದಲು ಗೋಡೆಯ ಕ್ಯಾಲೆಂಡರ್ ನೋಡಿ. ಏಕಾದಶಿ, ಸಂಕಷ್ಟಿ, ಮನೆಯ ಶ್ರಾದ್ಧ, ಡಾಕ್ಟರ ಬಳಿ ಹೋಗಬೇಕಾದ ದಿನ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಉಪವಾಸ ಇರುವವರನ್ನು ಬಿಸಿಲಲ್ಲಿ ಸುತ್ತಿಸುವುದು ಅಪಾಯ. ಹೊರಡುವ ಹೊತ್ತಿಗೆ ರಾಹುಕಾಲ ಬೇಡ ಎಂದರೆ ವಾದ ಮಾಡಬೇಡಿ, ಒಂದೂವರೆ ಗಂಟೆಯ ವಿಷಯ.

ಯಾವ ತಿಂಗಳು, ಯಾವ ವಾರ

ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯದು. ಏಪ್ರಿಲ್ ಬಿಸಿಲು ಬೇಡ. ದಸರಾ ಬೇಡವೇ ಬೇಡ. ಜಂಬೂಸವಾರಿ ನೋಡುವ ಆಸೆ ಎಷ್ಟೇ ಇರಲಿ, ಆ ಜನಸಂದಣಿಯಲ್ಲಿ ಕೋಲು ಹಿಡಿದವರಿಗೆ ಜಾಗವಿಲ್ಲ, ಟಿವಿಯಲ್ಲಿ ಚೆನ್ನಾಗಿ ಕಾಣುತ್ತದೆ. ಆಷಾಢದ ಶುಕ್ರವಾರಗಳಲ್ಲಿ ಬೆಟ್ಟ ಕಿಕ್ಕಿರಿದಿರುತ್ತದೆ. ಡಿಸೆಂಬರ್ ಕೊನೆಯ ವಾರ ಶಾಲಾ ಮಕ್ಕಳ ಪ್ರವಾಸ, ಕ್ರಿಸ್‌ಮಸ್ ರಜೆ ಎಲ್ಲ ಒಟ್ಟಿಗೆ.

ವಾರದಲ್ಲಿ ನನ್ನ ಆಯ್ಕೆ ಭಾನುವಾರದಿಂದ ಮಂಗಳವಾರ. ಭಾನುವಾರ ಮತ್ತು ಸರ್ಕಾರಿ ರಜಾದಿನಗಳಂದು ಸಂಜೆ ಏಳರ ಸುಮಾರಿಗೆ ಅರಮನೆಯ ದೀಪಾಲಂಕಾರ ಇರುತ್ತದೆ. ಅದೇ ಸಂಜೆ ಶನಿವಾರ ಬಂದವರು ಕೋಣೆ ಖಾಲಿ ಮಾಡಿ ಹೊರಡುತ್ತಾರೆ. ಸೋಮವಾರ ಊರು ಸ್ವಲ್ಪ ಉಸಿರಾಡುತ್ತದೆ. ಒಂದು ಎಚ್ಚರ: ಮೃಗಾಲಯಕ್ಕೆ ಮಂಗಳವಾರ ರಜೆ. ಚಾಮುಂಡಿಗೆ ಮಂಗಳವಾರ, ಶುಕ್ರವಾರ ಭಕ್ತರು ಜಾಸ್ತಿ. ಅಂದರೆ ಬೆಟ್ಟ ಮತ್ತು ಮೃಗಾಲಯ ಸೋಮವಾರಕ್ಕೆ, ಅರಮನೆ ಮಂಗಳವಾರಕ್ಕೆ.

ರೈಲೋ ಕಾರೋ

ನನ್ನ ಓಟು ರೈಲಿಗೆ. ಕಾಲು ಚಾಚಿ ಕೂರಬಹುದು, ಎದ್ದು ನಾಲ್ಕು ಹೆಜ್ಜೆ ಓಡಾಡಬಹುದು, ಟಾಯ್ಲೆಟ್ ಇದೆ. ರೈಲಿನ ಒಳಗಿಗಿಂತ ಕಷ್ಟವಾಗುವುದು ಹತ್ತಿ ಇಳಿಯುವುದು. ಹಳೆಯ ಮಾದರಿಯ ಬೋಗಿಗಳ ಮೆಟ್ಟಿಲು ಕಡಿದು, ಎತ್ತರ. ವಂದೇ ಭಾರತ್‌ನ ಬಾಗಿಲು ಅಗಲ, ಪ್ಲಾಟ್‌ಫಾರ್ಮಿಗೆ ಹೆಚ್ಚುಕಡಿಮೆ ಸಮ. ಆದರೆ ಅದು ಚೆನ್ನೈನಿಂದ ಬಂದು ಬೆಂಗಳೂರಿನಲ್ಲಿ ಸ್ವಲ್ಪ ಹೊತ್ತು ನಿಂತು ಹೋಗುವ ಗಾಡಿ. ಬೆಂಗಳೂರಿನಿಂದಲೇ ಹೊರಡುವ ಗಾಡಿಯಾದರೆ, ಉದಾಹರಣೆಗೆ ಮೊದಲು ಟಿಪ್ಪು ಎಕ್ಸ್‌ಪ್ರೆಸ್ ಅನ್ನುತ್ತಿದ್ದ ಈಗಿನ ಒಡೆಯರ್ ಎಕ್ಸ್‌ಪ್ರೆಸ್, ಮುಂಚೆ ಹೋಗಿ ನಿಧಾನವಾಗಿ ಹತ್ತಿ ಕೂರಬಹುದು. ನಡುವಿನ ಸಣ್ಣ ಸ್ಟೇಷನ್ನುಗಳಲ್ಲಿ ಹತ್ತಿಸುವ ಸಾಹಸ ಬೇಡ, ಅಲ್ಲಿ ಗಾಡಿ ನಿಲ್ಲುವುದು ಒಂದೆರಡು ನಿಮಿಷ. ಸ್ಟೇಷನ್ನಿನಲ್ಲಿ ವೀಲ್‌ಚೇರ್ ಬೇಕಿದ್ದರೆ 139ಕ್ಕೆ ಫೋನ್ ಮಾಡಿ ಕೇಳಿಕೊಳ್ಳಿ, ಆ ದಿನ ಅರ್ಧ ಗಂಟೆ ಮುಂಚೆ ಹೋಗಿ ಸ್ಟೇಷನ್ ಮ್ಯಾನೇಜರ್ ಕಚೇರಿಯಲ್ಲಿ ನೆನಪಿಸಿ. ಹಿರಿಯ ನಾಗರಿಕರಿಗೆ ರೈಲಿನಲ್ಲಿ ಇದ್ದ ಟಿಕೆಟ್ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತುಹೋಯಿತು, ಆ ಲೆಕ್ಕ ಇಟ್ಟುಕೊಳ್ಳಬೇಡಿ.

ಕಾರೇ ಆಗಬೇಕೆಂದರೆ 2023ರಲ್ಲಿ ಶುರುವಾದ ಎಕ್ಸ್‌ಪ್ರೆಸ್‌ವೇಯ ಒಂದು ಗುಣ ನೆನಪಿರಲಿ. ಮುಖ್ಯ ರಸ್ತೆಗೆ ಬಿದ್ದ ಮೇಲೆ ಮೊದಲಿನ ಹಾಗೆ ಬಿಡದಿಯಲ್ಲೋ ಮದ್ದೂರಿನಲ್ಲೋ ಕಂಡ ಹೋಟೆಲಿನ ಮುಂದೆ ನಿಲ್ಲಿಸಲು ಆಗುವುದಿಲ್ಲ. ಊರುಗಳೆಲ್ಲ ಬೈಪಾಸಿನಾಚೆ ಉಳಿದಿವೆ. ಎಲ್ಲಿ ಸರ್ವಿಸ್ ರಸ್ತೆಗೆ ಇಳಿಯಬೇಕು, ಯಾವ ಹೋಟೆಲಿನಲ್ಲಿ ಶೌಚಾಲಯ ಚೊಕ್ಕಟವಾಗಿದೆ ಎಂದು ಮನೆಯಲ್ಲೇ ಗೊತ್ತು ಮಾಡಿಕೊಳ್ಳಿ. “ಇನ್ನು ಅರ್ಧ ಗಂಟೆ ತಡ್ಕೊಳ್ಳಿ ಮಾವ” ಎಂದು ಒಮ್ಮೆ ಹೇಳಿದಿರೋ, ವಾಪಸ್ ಬರುವವರೆಗೂ ಅವರು ನೀರು ಕುಡಿಯುವುದಿಲ್ಲ.

ಕೆಎಸ್‌ಆರ್‌ಟಿಸಿಯಲ್ಲಿ 60 ದಾಟಿದ ಕರ್ನಾಟಕದ ನಿವಾಸಿಗಳಿಗೆ 25% ರಿಯಾಯಿತಿ ಇದೆ, ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಶಕ್ತಿ ಯೋಜನೆಯ ಉಚಿತ ಪ್ರಯಾಣವೂ ಇದೆ. ಆದರೂ ತಡೆರಹಿತ ಬಸ್ಸನ್ನು ನಾನು ಹೇಳುವುದಿಲ್ಲ, ಕಾರಣ ಮೇಲಿನದೇ.

ಕೋಣೆ ಹಿಡಿಯುವ ಮೊದಲು ಒಂದು ಫೋನ್

ಆ್ಯಪ್‌ನಲ್ಲಿ ‘ಲಿಫ್ಟ್ ಇದೆ’ ಎಂದು ಬರೆದಿರುತ್ತದೆ. ಲಿಫ್ಟಿಗೆ ತಲುಪಲು ಬೀದಿಯಿಂದ ಆರು ಮೆಟ್ಟಿಲು ಹತ್ತಬೇಕು ಎಂದು ಬರೆದಿರುವುದಿಲ್ಲ. ಬುಕ್ ಮಾಡುವ ಮೊದಲು ಹೋಟೆಲಿಗೇ ಫೋನ್ ಮಾಡಿ, ರಿಸೆಪ್ಷನ್‌ನಲ್ಲಿರುವವರನ್ನು ಕೇಳಿ: ಕಾರು ನಿಲ್ಲುವಲ್ಲಿಂದ ಹಾಸಿಗೆಯವರೆಗೆ ಒಟ್ಟು ಎಷ್ಟು ಮೆಟ್ಟಿಲು? ಹೀಗೆ ಕೇಳಿದರೆ ಅವರು ಎದ್ದು ಹೋಗಿ ನೋಡಿಯೇ ಹೇಳಬೇಕಾಗುತ್ತದೆ. ಕಮೋಡ್ ಪಕ್ಕ ಹಿಡಿದುಕೊಳ್ಳಲು ಕಂಬಿ ಇದೆಯೇ, ಬಚ್ಚಲಿನ ಹೊಸ್ತಿಲು ಎಷ್ಟು ಎತ್ತರ, ಸ್ನಾನಕ್ಕೆ ಕೂರಲು ಪ್ಲಾಸ್ಟಿಕ್ ಸ್ಟೂಲ್ ಕೊಡುತ್ತಾರೆಯೇ, ಬಿಸಿನೀರು ದಿನವಿಡೀ ಬರುತ್ತದೆಯೋ ಬೆಳಗಿನ ಹೊತ್ತು ಮಾತ್ರವೋ. ಬಚ್ಚಲಿನ ಒಂದು ಫೋಟೋ ವಾಟ್ಸ್ಆ್ಯಪ್‌ನಲ್ಲಿ ಕಳಿಸಲು ಹೇಳಿ. ಕಳಿಸಲು ಹಿಂದೆಮುಂದೆ ನೋಡಿದರೆ ಬೇರೆ ಹೋಟೆಲ್ ಹುಡುಕಿ.

ಜಾಗದ ವಿಷಯದಲ್ಲಿ, ರೈಲ್ವೆ ಸ್ಟೇಷನ್‌ಗೆ ಹತ್ತಿರದ ಯಾದವಗಿರಿ ಕಡೆ ಸದ್ದು ಕಡಿಮೆ. ಅರಮನೆ ಕಾಣುವ ಕೋಣೆ ಎಂದು ಪೇಟೆಯ ನಟ್ಟನಡುವೆ ಹಿಡಿದರೆ ಹಾರ್ನಿನ ಸದ್ದಿಗೆ ನಿದ್ದೆ ಬರುವುದಿಲ್ಲ. ಮೊದಲ ರಾತ್ರಿ ನಿದ್ದೆ ಕೆಟ್ಟರೆ ಮರುದಿನದ ಪ್ಲಾನು ಮುಗಿದಂತೆಯೇ.

ಕೋಣೆಗೆ ಕಾಲಿಟ್ಟ ಕೂಡಲೇ ಮಾಡಬೇಕಾದ ಕೆಲಸ ಒಂದಿದೆ. ಹಾಸಿಗೆಯಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿರುವ ಟೀಪಾಯಿ, ಕಾಲೊರಸು, ಸೂಟ್‌ಕೇಸು ಎಲ್ಲ ಪಕ್ಕಕ್ಕೆ ಸರಿಸಿ. ಬಚ್ಚಲಿನ ದೀಪ ಹಾಕಿ ಬಾಗಿಲು ಅರ್ಧ ತೆರೆದಿಡಿ, ಅಥವಾ ಮನೆಯಿಂದ ಒಂದು ಸಣ್ಣ ನೈಟ್ ಲ್ಯಾಂಪ್ ತನ್ನಿ. ಹೊಸ ಕೋಣೆಯಲ್ಲಿ ರಾತ್ರಿ ಎರಡಕ್ಕೆ ಎದ್ದು ಬಚ್ಚಲಿಗೆ ಹೊರಟಾಗಲೇ ಜನ ಬೀಳುವುದು. ಚಿಲಕ ಒಳಗಿನಿಂದ ಹಾಕಬೇಡಿ ಎಂದೂ ಹೇಳಿಡಿ.

ಭಾನುವಾರ: ದೀಪ ಮಾತ್ರ

ಮಧ್ಯಾಹ್ನ ತಲುಪಿ, ಊಟ ಮಾಡಿ, ಮಲಗಿ. ಸಂಜೆ ಆರೂವರೆಗೆ ಅರಮನೆ ಕಡೆ ಹೊರಟರೆ ಸಾಕು. ಇಡೀ ಅರಮನೆ, ಸುತ್ತಲ ಬಾಗಿಲುಗಳು ಒಟ್ಟಿಗೆ ಬೆಳಗುವ ಆ ಒಂದು ಕ್ಷಣಕ್ಕೆ ಸೇರಿದವರೆಲ್ಲ ‘ಓ’ ಎನ್ನುತ್ತಾರೆ. ಹೆಚ್ಚುಕಡಿಮೆ ಒಂದು ಲಕ್ಷ ಬಲ್ಬು. ನಡೆಯುವುದು ಕಡಿಮೆ, ಹತ್ತುವುದು ಇಲ್ಲ, ಕೂತು ನೋಡಬಹುದು. ಮಡಚುವ ಸ್ಟೂಲ್ ಒಂದು ಕೈಯಲ್ಲಿರಲಿ. ದೀಪ ಆರುವ ಹತ್ತು ನಿಮಿಷ ಮೊದಲೇ ಹೊರಟುಬಿಡಿ. ಆರಿದ ಮೇಲೆ ಇಡೀ ಜನ ಒಂದೇ ಬಾಗಿಲಿಗೆ ನುಗ್ಗುತ್ತಾರೆ, ಆಟೋ ಕೂಡ ಸಿಗುವುದಿಲ್ಲ.

ಸೋಮವಾರ: ಬೆಳಿಗ್ಗೆ ಬೆಟ್ಟ, ಸಂಜೆ ಮನಸ್ಸಿದ್ದರೆ ಮೃಗಾಲಯ

‘ಎಂಟು ಗಂಟೆ, ಎಂಬತ್ತು ಕಿಲೋಮೀಟರ್’ ಲೆಕ್ಕದಲ್ಲಿ ಒಂದು ಟ್ಯಾಕ್ಸಿ ಹೇಳಿ. ದೊಡ್ಡ ಗಾಡಿಯೇ ಬೇಕೆಂದಿಲ್ಲ. ಎತ್ತರದ ಗಾಡಿಗೆ ಹತ್ತುವುದು ಕಷ್ಟ, ತೀರಾ ತಗ್ಗಿನ ಕಾರಿನಿಂದ ಏಳುವುದು ಕಷ್ಟ. ಯಾವುದೇ ಆದರೂ ಹತ್ತುವ ಕ್ರಮ ಹೀಗೆ: ಸೀಟಿಗೆ ಬೆನ್ನು ಮಾಡಿ ನಿಲ್ಲುವುದು, ಮೊದಲು ಕೂರುವುದು, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆ ತೆಗೆದುಕೊಳ್ಳುವುದು. ಒಂದು ಕಾಲು ಒಳಗಿಟ್ಟು ಸೊಂಟ ತಿರುಗಿಸುವುದರಿಂದಲೇ ಹಿಡಿದುಕೊಳ್ಳುತ್ತದೆ. ಕುಶನ್ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಹಾಸಿದರೆ ತಿರುಗುವುದು ಸಲೀಸು. ಕೂತ ಮೇಲೆ ಚೀಲ ಎಳೆದುಬಿಡಿ.

ಬೆಟ್ಟಕ್ಕೆ ಸಾವಿರ ಮೆಟ್ಟಿಲಿದ್ದರೂ ಗುಡಿಯ ಹತ್ತಿರದವರೆಗೆ ಟಾರು ರಸ್ತೆ ಇದೆ. ಬೆಳಿಗ್ಗೆ ಏಳೂವರೆ ಎಂಟರೊಳಗೆ ಮೇಲಿದ್ದರೆ ಸಾಲು ಚಿಕ್ಕದು, ಬಿಸಿಲಿಲ್ಲ. ಮೇಲೆ ಗಾಡಿ ನಿಲ್ಲಿಸುವ ಕಟ್ಟಡದಿಂದ ಗುಡಿಗೆ ಅಂಗಡಿಸಾಲು ದಾಟಿ ನಡೆಯಬೇಕು. ಹಿರಿಯರನ್ನು ಎಲ್ಲಿಯವರೆಗೆ ಬಿಡಬಹುದು ಎಂದು ಡ್ರೈವರ್‌ಗೆ ಗೊತ್ತಿರುತ್ತದೆ, ಕೇಳಿ. ಒಬ್ಬರು ಅವರ ಜೊತೆ ಇಳಿಯಿರಿ, ಇನ್ನೊಬ್ಬರು ಗಾಡಿಯ ಜೊತೆ ಹೋಗಿ. ದರ್ಶನದ ಕೌಂಟರ್‌ನಲ್ಲಿ “ವಯಸ್ಸಾದವರಿದ್ದಾರೆ, ಬೇರೆ ದಾರಿ ಇದೆಯಾ?” ಎಂದು ಸಾಲಿಗೆ ಸೇರುವ ಮೊದಲೇ ಕೇಳಿ. ಸಾಲಿನ ಕಂಬಿಗಳ ನಡುವೆ ಸಿಕ್ಕಿಕೊಂಡ ಮೇಲೆ ಹೊರಬರುವುದು ಕಷ್ಟ.

ಇಳಿಯುವಾಗ ನಂದಿಯ ಬಳಿ ನಿಲ್ಲಿಸಿ. ದೊಡ್ಡ ದೇವರಾಜ ಒಡೆಯರ ಕಾಲದ ಏಕಶಿಲೆ, 17ನೆಯ ಶತಮಾನದ್ದು. ಮೆಟ್ಟಿಲ ದಾರಿಯಲ್ಲೇ ಹೋಗಬೇಕು ಎಂದುಕೊಂಡವರು ಬಹಳ ಜನ. ಅಲ್ಲಿಗೂ ರಸ್ತೆ ಇದೆ. ಕೊರಳ ಗಂಟೆಸರದ ಕೆತ್ತನೆ ಕಾರಿನಿಂದ ಇಳಿದ ಕೆಲವೇ ಹೆಜ್ಜೆಗೆ ಕಾಣುತ್ತದೆ.

ಹೋಟೆಲಿಗೆ ಮರಳಿ ತಿಂಡಿ ಅಥವಾ ಬೇಗ ಊಟ, ಆಮೇಲೆ ನಿದ್ದೆ. ಮಧ್ಯಾಹ್ನ ಹನ್ನೆರಡರಿಂದ ಮೂರೂವರೆವರೆಗೆ ಯಾವ ಕಾರ್ಯಕ್ರಮವೂ ಬೇಡ. ಮೊಮ್ಮಕ್ಕಳಿಗೆ ಬೇಸರವಾದರೆ ಅವರನ್ನು ಮಾತ್ರ ಕರೆದುಕೊಂಡು ಹೋಗಿ.

ಎದ್ದ ಮೇಲೆ ಉತ್ಸಾಹವಿದ್ದರೆ ಮೃಗಾಲಯ. 1892ರಲ್ಲಿ ಶುರುವಾದ ಈ ಮೃಗಾಲಯವನ್ನು ನಡೆದೇ ಸುತ್ತುವುದು ಯುವಕರಿಗೂ ಸುಸ್ತು, ಆದರೆ ಬ್ಯಾಟರಿ ಗಾಡಿ ಇದೆ. ಒಳಹೊಕ್ಕ ತಕ್ಷಣ ಅದರ ಟಿಕೆಟ್ಟಿಗೆ ಹೋಗಿ, ಸಂಜೆ ಮುಚ್ಚುವ ಹೊತ್ತಿಗೆ ಸಿಗದೆ ಹೋಗಬಹುದು. ಉತ್ಸಾಹವಿಲ್ಲದಿದ್ದರೆ ಕುಕ್ಕರಹಳ್ಳಿ ಕೆರೆಯ ದಡ, ಒಂದು ಬೆಂಚು. ಅಥವಾ ಸ್ಟೇಷನ್ ಪಕ್ಕದ ರೈಲ್ವೆ ಮ್ಯೂಸಿಯಂ. 1979ರಲ್ಲಿ ತೆರೆದದ್ದು. ಹಳೆಯ ಉಗಿ ಎಂಜಿನ್‌ಗಳು, ಮಹಾರಾಣಿಯವರ ಸಲೂನ್ ಬೋಗಿ ಇವೆ. ಬಹುಪಾಲು ಬಯಲಲ್ಲೇ ಇರುವುದರಿಂದ ಹತ್ತುವ ರಗಳೆ ಇಲ್ಲ. ಮೀಟರ್‌ಗೇಜ್ ಕಾಲದಲ್ಲಿ ಓಡಾಡಿದವರು ಇಲ್ಲಿ ನಮಗೆ ಗೈಡ್ ಆಗಿಬಿಡುತ್ತಾರೆ. ನನ್ನನ್ನು ಕೇಳಿದರೆ ಮೃಗಾಲಯಕ್ಕಿಂತ ಇದೇ ವಾಸಿ.

ಮಂಗಳವಾರ: ಹತ್ತಕ್ಕೆ ಅರಮನೆ

ಬಾಗಿಲು ತೆರೆಯುವುದು ಹತ್ತಕ್ಕೆ, ನೀವೂ ಆಗಲೇ ಅಲ್ಲಿರಿ. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ ಎದ್ದು 1912ರಲ್ಲಿ ಮುಗಿದ ಕಟ್ಟಡ ಇದು. ಲಿಫ್ಟ್ ನೆಚ್ಚಿಕೊಂಡು ಹೋಗಬೇಡಿ. ಟಿಕೆಟ್ ತೋರಿಸುವಲ್ಲೇ ವೀಲ್‌ಚೇರ್ ಬೇಕೆಂದು ಹೇಳಿ, ಮೆಟ್ಟಿಲಿಲ್ಲದ ದಾರಿ ಯಾವುದೆಂದು ಕೇಳಿ.

ಚಪ್ಪಲಿ ಹೊರಗೆ ಬಿಡಬೇಕು. ಇದು ಸಣ್ಣ ವಿಷಯವಲ್ಲ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರಿಗೆ ಕಾದ ಕಲ್ಲು ಸುಟ್ಟದ್ದೂ ತಿಳಿಯುವುದಿಲ್ಲ, ಸಂಜೆ ಬೊಬ್ಬೆ ಎದ್ದಾಗಲೇ ಗೊತ್ತಾಗುವುದು. ಸಾದಾ ಕಾಲುಚೀಲ ನುಣುಪು ನೆಲದಲ್ಲಿ ಜಾರುತ್ತದೆ. ಅಡಿಯಲ್ಲಿ ರಬ್ಬರ್ ಚುಕ್ಕಿ ಇರುವ ಕಾಲುಚೀಲ ತೆಗೆದುಕೊಂಡು ಹೋಗಿ. ಬಗ್ಗಿ ಬಕಲ್ ಹಾಕುವ ಚಪ್ಪಲಿಗಿಂತ ಅಂಟುಪಟ್ಟಿಯದ್ದು ಒಳ್ಳೆಯದು.

ಒಳಗೆ ನೆಲಮಟ್ಟದಲ್ಲೇ ಬೇಕಾದಷ್ಟಿದೆ. ಗೊಂಬೆ ತೊಟ್ಟಿ, ನವಿಲಿನ ಗಾಜಿನ ಚಾವಣಿಯ ಕಲ್ಯಾಣ ಮಂಟಪ, ಅದರ ಸುತ್ತ ಗೋಡೆಯ ಮೇಲೆ ದಸರಾ ಮೆರವಣಿಗೆಯ ಚಿತ್ರಗಳು. ಈ ಚಿತ್ರಗಳ ಮುಂದೆ ಜನ ಓಡಿಕೊಂಡು ಹೋಗುತ್ತಾರೆ. ನೀವು ನಿಧಾನಿಸಿ. ಪೇಟ, ರುಮಾಲು, ಆನೆಯ ಝೂಲು, ವಾದ್ಯದವರು, ಒಂದೊಂದು ಮುಖವೂ ಬೇರೆ ಬೇರೆ. ಆಮೇಲೆ ದರ್ಬಾರ್ ಹಾಲಿಗೆ ಮೇಲೆ ಹತ್ತಬೇಕು, ಜನರ ಓಟ ಒಂದೇ ದಿಕ್ಕಿಗೆ, ಅರ್ಧದಲ್ಲಿ ತಿರುಗುವುದು ಕಷ್ಟ. ಅಮ್ಮ ಹತ್ತುತ್ತಾರೋ ಇಲ್ಲವೋ ಎಂಬ ತೀರ್ಮಾನ ಮೆಟ್ಟಿಲ ಬುಡದಲ್ಲೇ ಆಗಲಿ.

“ನೀವು ಹೋಗ್ಬನ್ನಿ, ನಾನಿಲ್ಲೇ ಕೂತಿರ್ತೀನಿ.” ಈ ಮಾತು ಎಲ್ಲಾದರೂ ಬಂದೇ ಬರುತ್ತದೆ. ಬೇಡ, ಬನ್ನಿ ಎಂದು ಒತ್ತಾಯಿಸುವುದೂ ತಪ್ಪು, ಸರಿ ಎಂದು ಕಂಬದ ಬುಡದಲ್ಲಿ ಕೂರಿಸಿ ಮುಕ್ಕಾಲು ಗಂಟೆ ಮಾಯವಾಗುವುದೂ ತಪ್ಪು. ಪ್ರತಿ ಜಾಗಕ್ಕೂ ಒಂದು ಕೂರುವ ಜಾಗವನ್ನು ಮೊದಲೇ ಹುಡುಕಿಟ್ಟಿರಿ: ನೆರಳು, ಗಾಳಿ, ನೋಡಲು ಏನಾದರೂ, ಹತ್ತಿರದಲ್ಲಿ ಟಾಯ್ಲೆಟ್. ಜೊತೆಗೊಬ್ಬರು ಕೂತಿರಿ. ಅವರ ಕೈಗೆ ಫೋನ್, ನೀರು, ಸ್ವಲ್ಪ ದುಡ್ಡು ಕೊಟ್ಟು, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಹೇಳಿ, ಆ ಹೊತ್ತಿಗೇ ಬನ್ನಿ.

ಬಿಟ್ಟುಬಿಡಬಹುದಾದವು

ಬೃಂದಾವನ. ಬೇಸರವಾಗಬಹುದು, ಆದರೂ ಬಿಡಿ. ಹಂತಹಂತವಾಗಿ ಕಟ್ಟಿದ ತೋಟ, ಸಂಗೀತ ಕಾರಂಜಿ ನೀರಿನಾಚೆಯ ತುದಿಯಲ್ಲಿ. ಅಷ್ಟು ದೂರ ನಡೆದು ಹೋಗಿ, ಮುಗಿದ ಮೇಲೆ ಕತ್ತಲಲ್ಲಿ ಜನರ ಜೊತೆ ನುಗ್ಗಿಕೊಂಡು ವಾಪಸ್ ನಡೆಯಬೇಕು. ಜಗನ್ಮೋಹನ ಅರಮನೆಯ ಚಿತ್ರಶಾಲೆ ಅಪರೂಪದ್ದು, ಆದರೆ ಮಹಡಿ ಹತ್ತಬೇಕು. ಟಾಂಗಾ ನೋಡಲು ಚೆಂದ, ಹತ್ತಲು ಅಲ್ಲ. ದೇವರಾಜ ಮಾರುಕಟ್ಟೆಯ ಒಳಗಿನ ಓಣಿಗಳಲ್ಲಿ ತಳ್ಳಾಟ. ಸಯ್ಯಾಜಿ ರಾವ್ ರಸ್ತೆಯ ಕಡೆಯಿಂದ ನೀವೇ ಹೋಗಿ ಮಲ್ಲಿಗೆ, ವೀಳ್ಯದೆಲೆ, ನಂಜನಗೂಡು ರಸಬಾಳೆ ತಂದುಕೊಡಿ.

ಇನ್ನೊಂದು ಅರ್ಧ ದಿನ ಉಳಿದರೆ ಶ್ರೀರಂಗಪಟ್ಟಣದ ದರಿಯಾ ದೌಲತ್. ಸಮತಟ್ಟಾದ ತೋಟದ ನಡುವೆ 1784ರ ಮರದ ಕಟ್ಟಡ, ಹೊರಗೋಡೆಯ ಯುದ್ಧದ ಚಿತ್ರಗಳು ಜಗಲಿಯಿಂದಲೇ ಕಾಣುತ್ತವೆ.

ಮಾತ್ರೆ, ನೀರು, ಊಟ

ಮಾತ್ರೆಗಳನ್ನು ಎರಡು ಭಾಗ ಮಾಡಿ. ಒಂದು ಭಾಗ ಅವರ ಕೈಚೀಲದಲ್ಲಿ, ಇನ್ನೊಂದು ನಿಮ್ಮ ಬಳಿ. ಎರಡು ದಿನ ಹೆಚ್ಚಿಗೆ ಇರಲಿ. ಡಾಕ್ಟರ ಚೀಟಿಯ ಫೋಟೋ ಮನೆಯ ಎಲ್ಲರ ಫೋನಿನಲ್ಲೂ ಇರಲಿ. ಇನ್ಸುಲಿನ್ ಇದ್ದರೆ ತಂಪು ಚೀಲ, ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಇಡಬಾರದು. ಮೂತ್ರ ಹೋಗುವ ಮಾತ್ರೆ ನುಂಗುವವರು ಪ್ರಯಾಣದ ದಿನ ಅದನ್ನು ತಾವೇ ತಪ್ಪಿಸುವುದುಂಟು. ಹೊತ್ತು ಬದಲಿಸಬಹುದೇ ಎಂದು ಡಾಕ್ಟರನ್ನು ಮೊದಲೇ ಕೇಳಿ. ನೀರು ಬೇಡ ಎನ್ನುವವರಿಗೆ ಬಾಟಲಿ ಕೊಡುವ ಬದಲು ಎಳನೀರು, ಮಜ್ಜಿಗೆ ಕೊಡಿ (ಕಿಡ್ನಿ ತೊಂದರೆ ಇದ್ದವರಿಗೆ ಎಳನೀರು ಡಾಕ್ಟರನ್ನು ಕೇಳಿದ ಮೇಲೆ), ಜೊತೆಗೆ “ಇಲ್ಲೇ ಟಾಯ್ಲೆಟ್ ಇದೆ, ನೋಡಿ ಬಂದೆ” ಎಂದು ಹೇಳಿ. ಆಗ ಕುಡಿಯುತ್ತಾರೆ.

ಊಟದ ಹೊತ್ತು ಮನೆಯದ್ದೇ ಇರಲಿ. ಒಂದೂವರೆಗೆ ಹೋಟೆಲುಗಳ ಮುಂದೆ ಜನ ನಿಂತಿರುತ್ತಾರೆ, ಹನ್ನೆರಡೂಕಾಲಿಗೆ ಕುರ್ಚಿ ಖಾಲಿ. ನಜರ್‌ಬಾದಿನ ಮೈಲಾರಿ ದೋಸೆ ತಿನ್ನಬೇಕೆಂದರೆ ಒಬ್ಬರು ಹೋಗಿ ಪಾರ್ಸೆಲ್ ತನ್ನಿ, ಬಿಸಿ ಆರುವ ಮೊದಲು ಕೋಣೆಯಲ್ಲಿ ತಿನ್ನಬಹುದು. ಮೈಸೂರು ಪಾಕು ಒಂದು ತುಂಡು ತಿಂದರೆ ಸಕ್ಕರೆ ಏರುತ್ತದೆ ಎಂದು ಅವರಿಗೂ ಗೊತ್ತು. ಅಷ್ಟಕ್ಕೆ ಎಲ್ಲರೆದುರು ಗದರಬೇಡಿ.

ತುರ್ತಿಗೆ 108. ಇರ್ವಿನ್ ರಸ್ತೆಯಲ್ಲಿ ಕೆ.ಆರ್. ಆಸ್ಪತ್ರೆ, ಹೃದಯದ ತೊಂದರೆ ಇದ್ದವರಿಗೆ ಜಯದೇವ ಸಂಸ್ಥೆಯ ಮೈಸೂರು ಆಸ್ಪತ್ರೆ ಇವೆ. ನಿಮ್ಮ ಹೋಟೆಲಿನಿಂದ ಯಾವುದು ಹತ್ತಿರ ಎಂದು ಮೊದಲ ದಿನವೇ ನೋಡಿಟ್ಟುಕೊಳ್ಳಿ.

ಮಂಗಳವಾರ ಅರಮನೆಗೆ ಹೋಗುವ ಮೊದಲೇ ಪೆಟ್ಟಿಗೆ ಕಟ್ಟಿ ರಿಸೆಪ್ಷನ್‌ನಲ್ಲಿಡಿ. ಇಲ್ಲವೇ ಒಂದು ಕೋಣೆಯನ್ನಾದರೂ ಸಂಜೆವರೆಗೆ ಉಳಿಸಿಕೊಳ್ಳಲು ಕೇಳಿ, ಅರ್ಧ ದಿನದ ಬಾಡಿಗೆ ಕೊಟ್ಟರೂ ಅಡ್ಡಿಯಿಲ್ಲ, ಊಟವಾದ ಮೇಲೆ ಬೆನ್ನು ಚಾಚಲು ಜಾಗ ಸಿಗುತ್ತದೆ. ವಾಪಸ್ ರೈಲು ಕತ್ತಲಾಗುವ ಮೊದಲು ಬೆಂಗಳೂರು ಮುಟ್ಟುವಂತಿರಲಿ. ಬುಧವಾರ ಮನೆಗೆ ಯಾರನ್ನೂ ಊಟಕ್ಕೆ ಕರೆಯಬೇಡಿ.